ಮದುವೆಯ ಫೋಟೋದಲ್ಲಿ ದೊಡ್ಡತ್ತಿ

ದೊಡ್ಡತ್ತಿಯ ಬಲಗೈ ಬೆರಳುಗಳು ಗೆಣ್ಣಿನವರೆಗೆ ಬಿಳಿ. ಅಲ್ಲಿಂದ ಮೇಲಕ್ಕೆ ಮುಂಗೈ ನಮ್ಮೆಲ್ಲರ ಹಾಗೆ ಎರೆಮಣ್ಣಿನ ಬಣ್ಣ. ಮೊಣಕೈ ಹತ್ತಿರ ಮತ್ತೆ ಅಂಗೈಯಗಲದ ಬಿಳಿ ಮಚ್ಚೆ. ಕೆಳತುಟಿ ಪೂರ್ತಿ ಬಿಳಿ, ಎಡಗಣ್ಣಿನ ಸುತ್ತ ಬಿಳಿ, ಆ ಕಣ್ಣಿನ ರೆಪ್ಪೆಗೂದಲೂ ಬಿಳಿ. ಚಿಕ್ಕವಳಿದ್ದಾಗ ನಾನು ಅವಳ ಬೆರಳಿಗೆ ಜೋಳದ ಹಿಟ್ಟು ಮೆತ್ತಿದೆ ಎಂದೇ ತಿಳಿದಿದ್ದೆ. ಒಂದು ದಿನ ತಂಬಿಗೆಯಲ್ಲಿ ನೀರು ತಂದು, ಅವಳ ಕೈಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ತಿಕ್ಕಿ ತಿಕ್ಕಿ ತೊಳೆದೆ. ಅವಳು ಕೈ ಎಳೆದುಕೊಳ್ಳಲಿಲ್ಲ.

"ಹೋತೇನ ಬೇ?" ಎಂದು ಕೇಳಿದಳು.

"ಇಲ್ಲ" ಎಂದೆ.

"ಅದು ಹೋಗಂಗಿಲ್ಲ. ಭಾಳ ಮಂದಿ ತಿಕ್ಕಿ ನೋಡ್ಯಾರ" ಎಂದು ನಕ್ಕು, ಒದ್ದೆ ಕೈಯನ್ನು ನನ್ನ ಲಂಗಕ್ಕೇ ಒರೆಸಿದಳು.

ಅವಳು ಅಪ್ಪನ ಅಕ್ಕ. ಕರಜಗಿಯ ನಮ್ಮ ಮನೆಯಲ್ಲಿ ಅವಳಿಲ್ಲದ ದಿನ ನನಗೆ ನೆನಪಿಲ್ಲ. ಅವಳನ್ನು ಕೊಳಕೂರಿಗೆ ಕೊಟ್ಟಿದ್ದರಂತೆ. ಮದುವೆಯಾದ ಕೆಲವೇ ತಿಂಗಳಲ್ಲಿ ತುಟಿಯ ಮೇಲೆ ಸಾಸಿವೆಯಷ್ಟು ಬಿಳುಪು ಕಾಣಿಸಿಕೊಂಡಿತು, ಆಮೇಲೆ ಬೆರಳಿಗೆ ಬಂತು. ಪಂಚಮಿ ಹಬ್ಬಕ್ಕೆಂದು ಅಪ್ಪನೇ ಹೋಗಿ ತವರಿಗೆ ಕರೆತಂದಿದ್ದ. ಹಬ್ಬ ಮುಗಿಯಿತು, ಶ್ರಾವಣ ಮುಗಿಯಿತು, ಗಂಡನ ಮನೆಯಿಂದ ಕರೆಯಲು ಯಾರೂ ಬರಲಿಲ್ಲ. ದೀಪಾವಳಿಯ ಹೊತ್ತಿಗೆ ಅವನಿಗೆ ಬೇರೆ ಹೆಣ್ಣು ಗೊತ್ತಾದ ಸುದ್ದಿ ಬಂತು. ಇಷ್ಟೇ ನಮಗೆ ತಿಳಿದದ್ದು. ಅದನ್ನೂ ಓಣಿಯ ಹೆಂಗಸರು ಹೇಳಿದ್ದೇ ಹೊರತು ಅವಳು ಹೇಳಿದ್ದಲ್ಲ.

ನನ್ನ ತಂಗಿ ಇನ್ನೂ ಹಾಲು ಕುಡಿಯುವ ಕೂಸಾಗಿದ್ದಾಗ ಅವ್ವ ಜ್ವರದಲ್ಲಿ ತೀರಿಕೊಂಡಳು. ಅಂದಿನಿಂದ ನಮ್ಮಿಬ್ಬರನ್ನೂ ಬೆಳೆಸಿದ್ದು ದೊಡ್ಡತ್ತಿ. ಬೆಳಗಿನ ಜಾವ ಎದ್ದು, ಮೈ ತೊಳೆದು, ಅಂಗೈಯಲ್ಲಿ ಲಿಂಗ ಹಿಡಿದು ಕಣ್ಣು ಮುಚ್ಚಿ ಕೂತಳೆಂದರೆ ಮನೆಗೆ ಬೆಂಕಿ ಬಿದ್ದರೂ ಏಳುತ್ತಿರಲಿಲ್ಲ. ಎದ್ದ ಮೇಲೆ ಮಾತ್ರ ರಾತ್ರಿಯವರೆಗೆ ಕೂರುತ್ತಿರಲಿಲ್ಲ. ಅನ್ನದ ಅಗುಳು ನೆಲಕ್ಕೆ ಬಿದ್ದರೆ ಆರಿಸಿ ಎಮ್ಮೆಯ ಬಾನಿಗೆ ಹಾಕುವಳು. ನಾನು ಕನ್ನಡಿಯ ಮುಂದೆ ಹೆಚ್ಚು ಹೊತ್ತು ನಿಂತರೆ, "ಕನ್ನಡಿ ಮುಂದ ನಿಂತ್ರ ರೊಟ್ಟಿ ಬೇಯಂಗಿಲ್ಲ ಬೇ" ಎನ್ನುವಳು. ಯಾರಾದರೂ ಫೋಟೋ ತೆಗೆಯಲು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರೆ ಸಾಕು, "ನಾ ಒಲಿ ಮ್ಯಾಲ ಹಾಲ ಇಟ್ಟು ಬಂದೇನಿ" ಎಂದು ಒಳಗೆ ನಡೆದುಬಿಡುವಳು. ಮನೆಯಲ್ಲಿ ಹೈನವೇ ಇಲ್ಲದ ವರ್ಷವೂ ಅವಳು ಹಾಲು ಇಟ್ಟು ಬಂದಿರುತ್ತಿದ್ದಳು. ಹೀಗಾಗಿ ನಮ್ಮ ಮನೆಯ ಯಾವ ಫೋಟೋದಲ್ಲೂ ಅವಳಿರಲಿಲ್ಲ.

ನನ್ನನ್ನು ನೋಡಲು ಮೊದಲು ಬಂದ ವರನ ಕಡೆಯವರಿಗೆ ಚಹಾ ತಂದುಕೊಟ್ಟವಳು ದೊಡ್ಡತ್ತಿ. ಅವರು ಅವಳ ಕೈ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು, ಕಪ್ಪುಗಳನ್ನು ಹಾಗೇ ಬಿಟ್ಟು ಎದ್ದು ಹೋದರು. ಅಂದಿನಿಂದ ಅವಳು ಹೊರಗಿನವರ ಮುಂದೆ ತಾಟು ಹಿಡಿದು ಬರಲಿಲ್ಲ. ಅಡುಗೆ ಅವಳದು, ನೀಡುವವರು ಬೇರೆ. ಮುಂದೆ ನನ್ನ ಮದುವೆಯೇನೋ ಆಯಿತು; ಜೇವರ್ಗಿಯ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವ ಕೆಲಸವೂ ಸಿಕ್ಕಿತು. ನನ್ನ ಮದುವೆಯ ದಿನ ಅವಳು ಅಡುಗೆಮನೆಯಿಂದ ಹೊರಗೆ ಬಂದದ್ದು ನಾನು ಕಾಲಿಗೆ ಬೀಳುವಾಗ ಮಾತ್ರ.

ತಂಗಿಯ ಮದುವೆ ಗೊತ್ತಾದಾಗ ಫೋಟೋ ತೆಗೆಯುವ ಕೆಲಸ ನನಗೇ ಬಂತು. ಶಾಲೆಯ ಕಾರ್ಯಕ್ರಮಗಳಲ್ಲಿ ತೆಗೆದು ತೆಗೆದು ಕೈ ಪಳಗಿತ್ತು. "ಅಕ್ಕ, ಗುಂಪಿನ ಫೋಟೋ ಯಾರು ಬೇಕಾದ್ರೂ ತೆಗೀತಾರ. ನೀ ಒಬ್ಬೊಬ್ಬರ ಮಾರಿ ತೆಗಿ. ಅಪ್ಪಂದು, ದೊಡ್ಡತ್ತಿದು. ಹೋದಲ್ಲಿ ನನಗ ನೋಡಾಕ ಬೇಕು" ಎಂದಿದ್ದಳು ತಂಗಿ. ನನ್ನ ಕ್ಯಾಮೆರಾದ ಜೊತೆಗೇ ಬಂದಿದ್ದ ಲೆನ್ಸು ಅದಕ್ಕೆ ಸಾಲದು. ಕಲ್ಯಾಣ ಮಂಟಪದ ಮಂದ ಬೆಳಕಿನಲ್ಲಿ ಮುಖಗಳು ಮಸಿ ಬಳಿದಂತೆ ಬರುತ್ತಿದ್ದವು. ಮುಖಕ್ಕೆಂದೇ ಒಂದು ಒಳ್ಳೆಯ ಲೆನ್ಸು ಕೊಳ್ಳಬೇಕು, ಆದರೆ ಯಾವುದು? ಐವತ್ತು ಎಂ.ಎಂ. ಲೆನ್ಸಾದರೆ ಇಕ್ಕಟ್ಟಿನಲ್ಲೂ ನಡೆಯುತ್ತದೆ. ನಮ್ಮ ಪಡಸಾಲೆಯಲ್ಲಿ ಅರಿಶಿಣ ಹಚ್ಚುವಾಗ ಹಿಂದೆ ಸರಿಯಲು ಗೇಣು ಜಾಗವಿರುವುದಿಲ್ಲ. ಆದರೆ ಮುಖವೊಂದನ್ನೇ ತುಂಬಿಸಬೇಕೆಂದರೆ ಅದನ್ನು ಹಿಡಿದು ಎದುರಿನವರ ಮೂಗಿನ ತನಕ ಹೋಗಬೇಕು. ಅಷ್ಟು ಹತ್ತಿರದಿಂದ ಮೂಗು ದಪ್ಪ, ಕಿವಿ ಸಣ್ಣ. ಎಂಬತ್ತೈದರ ಲೆನ್ಸು ದೂರ ನಿಲ್ಲಿಸುತ್ತದೆ; ಮುಖ ಇದ್ದ ಹಾಗೇ ಬರುತ್ತದೆ, ಹಿಂದಿನ ಗದ್ದಲವೆಲ್ಲ ಮಂಜಾಗುತ್ತದೆ. ಇಕ್ಕಟ್ಟಿನಲ್ಲಿ ಮಾತ್ರ ಕೈಕೊಡುತ್ತದೆ. ಎರಡನ್ನೂ ಕೊಳ್ಳುವ ಹಾಗಿರಲಿಲ್ಲ. ಲಗ್ನದ ಅರಿವೆ ತರಲು ಕಲಬುರಗಿಗೆ ಹೋದ ದಿನ ದೊಡ್ಡತ್ತಿಯನ್ನೂ ಕರೆದುಕೊಂಡು ಕ್ಯಾಮೆರಾ ಅಂಗಡಿಗೆ ಹೋದೆ.

ಅವಳು ಬಾಗಿಲ ಬಳಿಯ ಬೆಂಚಿನಲ್ಲಿ ಸೀರೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಸೆರಗು ಕೆಳತುಟಿಯನ್ನು ಮುಚ್ಚಿತ್ತು. ಅಂಗಡಿಯವರು ಎಂಬತ್ತೈದನ್ನು ನನ್ನ ಕ್ಯಾಮೆರಾಕ್ಕೆ ಹಾಕಿ, "ನೋಡ್ರಿ ಮೇಡಂ" ಎಂದರು. ನಾನು ಬಾಗಿಲ ಕಡೆ ತಿರುಗಿಸಿದೆ. ರಸ್ತೆಯ ಆಟೋಗಳು, ಬೋರ್ಡುಗಳು ಎಲ್ಲ ಕರಗಿ ಹೋಗಿ ಒಂದೇ ಮುಖ ಉಳಿಯಿತು. ಸೆಖೆಗೆ ಸೆರಗು ಸ್ವಲ್ಪ ಜಾರಿತ್ತು. ಅವಳು ತನ್ನಷ್ಟಕ್ಕೆ ಸೀರೆಯ ಬಣ್ಣ ನೋಡುತ್ತ ಸಣ್ಣಗೆ ನಗುತ್ತಿದ್ದಳು. ಹುಟ್ಟಿದಂದಿನಿಂದ ನೋಡಿದ ಮುಖ. ಆದರೆ ಅದನ್ನು ಅಷ್ಟು ಹೊತ್ತು, ಕಣ್ಣು ತಪ್ಪಿಸದೆ ನಾನು ನೋಡಿದ್ದು ಅದೇ ಮೊದಲು. ಗುಂಡಿ ಒತ್ತಲಿಲ್ಲ.

"ಎಷ್ಟು ದೂರದಿಂದ ಮಾರಿ ಕಾಣತದ ಬೇ ಅದರಾಗ?" ಎಂದು ಕೇಳಿದಳು.

"ಇಲ್ಲಿಂದ ನಿನ್ನ ತನಕ, ಅತ್ತಿ."

"ಹಂಗಾರ ಅದನ್ನೇ ತಗೋ. ನೀ ಹತ್ತರ ಹೋದಿ ಅಂದ್ರ ಮಂದಿ ನಿನ್ನ ಸಲುವಾಗಿ ನಗತಾರ. ದೂರ ಇದ್ದಿ ಅಂದ್ರ ತಮ್ಮ ಪಾಡಿಗಿ ತಾವು ನಗತಾರ."

ಅದನ್ನೇ ತೆಗೆದುಕೊಂಡೆ. ಅವಳಿಗೆ ಹೇಳದೆ ದೂರದಿಂದ ಅವಳದೊಂದು ಫೋಟೋ ತೆಗೆಯಬಹುದು ಎಂಬುದು ನನ್ನ ಮನಸ್ಸಿನಲ್ಲಿದ್ದ ಲೆಕ್ಕ.

ಮದುವೆಗೆ ವಾರವಿದ್ದಾಗ ಅಪ್ಪ ನನ್ನನ್ನು ಹಿತ್ತಲಿಗೆ ಕರೆದ. "ಅಕ್ಕ ಮನ್ಯಾಗೇ ಇರಲಿ ಅಂತ ಮಾಡೇನಿ. ದನಕರಾ ನೋಡಾಕ ಯಾರರ ಬೇಕಲ್ಲ" ಎಂದ. ನನಗೆ ಕೇಳಿದ್ದು ನಂಬಲಾಗಲಿಲ್ಲ. ತಂಗಿ ಒಳಗಿನಿಂದಲೇ ಕೇಳಿಸಿಕೊಂಡು ಬಂದವಳು, "ಛಲೋ ಆತು. ದನಕರಾ ನಾನೇ ನೋಡ್ಕೋತ ಇರ್ತೇನಿ, ನೀವೆಲ್ಲಾರೂ ಹೋಗಿ ಲಗ್ನಾ ಮಾಡ್ಕೊಂಡು ಬರ್ರಿ" ಎಂದು ಅಲ್ಲೇ ನೆಲಕ್ಕೆ ಕೂತುಬಿಟ್ಟಳು. ಅಪ್ಪ ಸೋತ. ಆದರೆ ತಂಗಿ ಒಳಗೆ ಹೋದ ಮೇಲೆ ನನಗೆ ಮೆಲ್ಲಗೆ ಹೇಳಿದ: "ಬರ್ಲಿ. ಖರೇ, ಫೋಟೋದಾಗ ಆಕಿ ಬರದಂಗ ನೋಡ್ಕೊ. ಬೀಗರ ಊರಾಗ ಆಲ್ಬಮ್ ಮನಿ ಮನಿ ತಿರಗತದ. ನಿನ್ನ ಸಂಬಂಧ ಹ್ಯಾಂಗ ಮುರೀತು, ಮರ್ತೀಯೇನು?"

ಅಪ್ಪ ಕೆಟ್ಟವನಲ್ಲ. ಅಕ್ಕನನ್ನು ಒಂದು ದಿನವೂ ಹೊರೆ ಎಂದವನಲ್ಲ. ಆದರೆ ಬಾಗಿಲ ಹಿಂದೆ ಮೊರದ ಸದ್ದು ನಿಂತದ್ದು ಅಪ್ಪನಿಗೆ ಕೇಳಿಸಲಿಲ್ಲ, ನನಗೆ ಕೇಳಿಸಿತು. ದೊಡ್ಡತ್ತಿ ಅಲ್ಲೇ ಕೂತು ಕಡಲೆಬೇಳೆ ಹಸನು ಮಾಡುತ್ತಿದ್ದಳು.

ವರನ ಮನೆ ಕಿಣ್ಣಿ ಸುಲ್ತಾನದಲ್ಲಿ, ಮದುವೆ ಆಳಂದದ ಕಲ್ಯಾಣ ಮಂಟಪದಲ್ಲಿ. ದೊಡ್ಡತ್ತಿ ಹೊಸ ಇಳಕಲ್ಲ ಸೀರೆ ಉಟ್ಟು ಬಂದಳು, ನೇರ ಅಡುಗೆ ಕೋಣೆಗೆ ಹೋದಳು. ಅಕ್ಷತೆಯ ಹೊತ್ತಿಗೆ ಊಟದ ಸಭಾಂಗಣದ ಬಾಗಿಲಲ್ಲಿ ಬಂದು ನಿಂತು, ಅಲ್ಲಿಂದಲೇ ಕಾಳು ಬೀರಿದಳು. ವೇದಿಕೆಯ ಮಗ್ಗುಲಿನಿಂದ ನಾನು ಅದನ್ನು ಕಂಡೆ, ಆದರೆ ಕ್ಯಾಮೆರಾ ತಂಗಿಯ ಮುಖದ ಮೇಲಿತ್ತು.

ಊಟ ಶುರುವಾಯಿತು. ಉದ್ದದ ಮೇಜುಗಳ ಸಾಲು, ನೀಡುವವರ ಓಡಾಟ. ಉಣ್ಣುವವರ ಮುಖಗಳನ್ನು ತೆಗೆಯುತ್ತ ನಾನು ಒಂದು ಕಂಬಕ್ಕೆ ಆನಿಕೊಂಡು ನಿಂತಿದ್ದೆ. ಲೆನ್ಸು ಸುಮ್ಮನೆ ಅಡುಗೆ ಕೋಣೆಯ ಬಾಗಿಲ ಕಡೆ ತಿರುಗಿತು. ದೊಡ್ಡತ್ತಿಯ ಮುಖ ಪೂರ್ತಿ ತುಂಬಿಕೊಂಡಿತು.

ನಾನು ಬೆಚ್ಚಿಬಿದ್ದೆ. ಸೆರಗು ಹೆಗಲಿಗೆ ಬಿದ್ದಿತ್ತು. ಬಾಯಿ ಅರ್ಧ ತೆರೆದಿತ್ತು. ಬಿಳಿ ತುಟಿ ಅದುರುತ್ತಿತ್ತು. ಅವ್ವ ತೀರಿದ ದಿನವೂ ಅವಳ ಮುಖ ಹಾಗೆ ಆಗಿದ್ದನ್ನು ನಾನು ಕಂಡಿರಲಿಲ್ಲ. ಅವಳು ನೋಡುತ್ತಿದ್ದ ಕಡೆಗೆ ಕ್ಯಾಮೆರಾ ತಿರುಗಿಸಿದೆ. ಕೊನೆಯ ಮೇಜಿನ ತುದಿಯಲ್ಲಿ ಒಬ್ಬರು ವೃದ್ಧರು. ಬೇಸಿಗೆಯ ಬೇಗೆಯಲ್ಲೂ ತುಂಬು ತೋಳಿನ ಅಂಗಿ, ಕುತ್ತಿಗೆಗೆ ಸುತ್ತಿದ ಟವೆಲ್ಲು. ಅವರ ಪಕ್ಕದ ಕುರ್ಚಿಗಳು ಖಾಲಿ. ಅಲ್ಲಿದ್ದವರು ತಾಟುಗಳನ್ನೆತ್ತಿಕೊಂಡು ಆಚೆ ಸರಿದು ಕೂತಿದ್ದರು. ನೀಡುವವನು ಮಾರುದ್ದದಿಂದ ಚಮಚ ಚಾಚಿ ಪಲ್ಯ ಬೀಳಿಸಿ ಮುಂದೆ ಹೋದ. ವೃದ್ಧರು ತಲೆ ತಗ್ಗಿಸಿ ರೊಟ್ಟಿ ಮುರಿದರು. ಮುರಿದ ಬೆರಳುಗಳು ಬಿಳಿ. ಟವೆಲ್ಲಿನ ಮೇಲೆ ಕಾಣುತ್ತಿದ್ದ ಗದ್ದವೂ ಬಿಳಿ.

ನಮ್ಮ ಕಡೆಯ ಯಾರೋ ಸಂಬಂಧಿಕರಿರಬೇಕು, ಇಷ್ಟು ದಿನ ನನಗೇ ಗೊತ್ತಿರಲಿಲ್ಲವಲ್ಲ ಎಂದುಕೊಂಡು ದೊಡ್ಡತ್ತಿಯ ಬಳಿಗೆ ಓಡಿದೆ.

"ಯಾರ ಅತ್ತಿ ಅವರು?"

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ನಿಮ್ಮ ಮಾಮಾ" ಎಂದಳು.

ನನಗೆ ತಿಳಿಯಲಿಲ್ಲ. ಯಾವ ಮಾಮಾ ಎಂದು ಕೇಳಲು ಬಾಯಿ ತೆರೆದವಳು ಹಾಗೇ ನಿಂತೆ. ನನ್ನ ಅತ್ತೆಯ ಗಂಡ ನನಗೆ ಮಾಮಾ ತಾನೆ? ಕೊಳಕೂರಿನವರು. ಆಮೇಲೆ ಗೊತ್ತಾಯಿತು, ವರನ ತಂದೆಗೂ ಅವರಿಗೂ ತೊಗರಿ ವ್ಯಾಪಾರದಲ್ಲಿ ಪರಿಚಯ, ಕರೆದಿದ್ದರು, ಬಂದಿದ್ದರು. ಯಾರ ಮನೆಯ ಹೆಣ್ಣು ಎಂದು ಅವರಿಗೂ ಗೊತ್ತಿರಲಿಲ್ಲ, ಅವರು ಯಾರೆಂದು ನಮಗೂ.

ಅಷ್ಟರಲ್ಲಿ ಅಪ್ಪನೂ ಅವರನ್ನು ಕಂಡಿದ್ದ. ಮುಖದಲ್ಲಿ ರಕ್ತವಿಲ್ಲದೆ ನಮ್ಮ ಬಳಿ ಬಂದ. "ಒಳಗ ನಡಿ ಅಕ್ಕ" ಎಂದ. ಅವಳು ಅಲುಗಲಿಲ್ಲ. ಅಪ್ಪ ಮತ್ತೆ ಆ ಕಡೆ ನೋಡಿದ. ಆ ಕೈಗಳನ್ನು ನೋಡಿದ. ಅವನ ದನಿಯೇ ಬದಲಾಯಿತು. "ದೇವರು ಕಣ್ಣ ಮುಚ್ಚಿ ಕುಂತಿಲ್ಲ, ನೋಡಕ್ಕ. ಮಾಡಿದ್ದು ಉಣಸ್ಯಾನ."

ದೊಡ್ಡತ್ತಿ ಅವನ ಕಡೆ ತಿರುಗಿದಳು. "ಏನಂದಿ?"

ಅಪ್ಪ ಕಣ್ಣು ಕೆಳಗೆ ಹಾಕಿದ.

"ಮತ್ತೊಮ್ಮಿ ಹಂಗ ಅನಬ್ಯಾಡ. ಅವರು ಮಾಡಿದ್ದಕ್ಕ ಅವರಿಗಿ ಬಂತಂದ್ರ, ನಾ ಏನ ಮಾಡಿದ್ದೆಂತ ನನಗ ಬಂತು? ಹೇಳು. ಆಗಿನ್ನೂ ಪೋರಿ ನಾ. ಗಂಡನ ಮನೀಗಿ ಹೋಗಿ ಒಂದು ವರ್ಷ ಆಗಿದ್ದಿಲ್ಲ. ಏನ ಮಾಡಿದ್ದೆ ನಾ?"

ಅವಳು ದನಿ ಏರಿಸಲಿಲ್ಲ. ಆದರೆ ಅಪ್ಪ ಕಪಾಳಕ್ಕೆ ಹೊಡೆಸಿಕೊಂಡವನ ಹಾಗೆ ನಿಂತುಬಿಟ್ಟ. ನಾನೂ ಹಾಗೇ ನಿಂತೆ. ನಮ್ಮಲ್ಲಿ ಯಾರೂ ಅವಳಿಗೆ ಆ ಮಾತು ಅಂದಿರಲಿಲ್ಲ. ಅನ್ನದೆಯೂ ಅವಳ ಕಿವಿಗೆ ಅದು ದಿನವೂ ಬೀಳುತ್ತಿತ್ತು ಎಂದು ನನಗೆ ಹೊಳೆದದ್ದು ಆಗಲೇ.

ಅಷ್ಟು ಹೇಳಿ ಅವಳು ಸೆರಗನ್ನು ನಡುವಿಗೆ ಸಿಕ್ಕಿಸಿದಳು. ಎದುರಿಗೆ ಬಂದ ನೀಡುವವನ ಕೈಯಿಂದ ಹುಗ್ಗಿಯ ಬಕೀಟು ತೆಗೆದುಕೊಂಡಳು. ಅಪ್ಪ ಕೈ ಚಾಚಿದ, ಹಿಡಿಯಲಿಲ್ಲ. ತುಂಬಿದ ಸಭಾಂಗಣದ ನಡುವೆ, ಬೀಗರ ಎದುರಿಗೆ, ಮುಖ ಮುಚ್ಚಿಕೊಳ್ಳದೆ ಅವಳು ನಡೆದು ಹೋದಳು. ನಾನು ಹಿಂದೆಯೇ ಹೋದೆ.

ವೃದ್ಧರು ತಲೆ ಎತ್ತಿರಲಿಲ್ಲ. ಮೊದಲು ಅವರು ಕಂಡದ್ದು ಸೌಟು ಹಿಡಿದ ಕೈಯನ್ನು. ರೊಟ್ಟಿಯ ತುಂಡು ಬಾಯಿಯ ಹತ್ತಿರವೇ ನಿಂತಿತು. ಕಣ್ಣು ನಿಧಾನವಾಗಿ ಮೇಲೆ ಬಂತು, ಮೊಣಕೈಯ ಮಚ್ಚೆಗೆ, ತುಟಿಗೆ, ಕಣ್ಣಿಗೆ.

"ನೀ... ನೀ ಏನು?" ಎಂದರು.

"ಹೌದ್ರಿ. ಮದುಮಗಳು ನನ್ನ ತಮ್ಮನ ಮಗಳು" ಎಂದಳು ದೊಡ್ಡತ್ತಿ. "ಹುಗ್ಗಿ ನೀಡಲೇನ್ರಿ?"

ಅವರು ಬೇಡವೆಂದು ತಾಟಿನ ಮೇಲೆ ಅಂಗೈ ಅಡ್ಡ ಹಿಡಿದರು. ಅದರ ಮೇಲೆ ಸೌಟು ಹಿಡಿದ ಅವಳ ಕೈ. ಎರಡೂ ಒಂದೇ ಮನೆಯಲ್ಲಿ ಹುಟ್ಟಿದವರ ಕೈಗಳ ಹಾಗೆ ಕಾಣುತ್ತಿದ್ದವು.

"ನಾ ನಿನಗ..." ಎಂದು ಅವರು ಶುರುಮಾಡಿದರು.

"ಊಟದಾಗ ಮಾತು ಬ್ಯಾಡ್ರಿ. ಕೈ ತಗೀರಿ. ನಿಮಗ ಹುಗ್ಗಿ ಸೇರತದ."

ಅವರು ಕೈ ತೆಗೆದರು. ಅವಳು ಎರಡು ಸೌಟು ಹಾಕಿ, ತುಪ್ಪ ತರಿಸಿ ಅದನ್ನೂ ಹಾಕಿದಳು. ಆಮೇಲೆ ಆಚೆ ಸರಿದು ಕೂತಿದ್ದವರ ಕಡೆ ತಿರುಗಿ, "ಯಜಮಾನ್ರ, ಇಲ್ಲಿ ಜಾಗಾ ಖಾಲಿ ಅದ, ಬರ್ರಿ. ಇದು ಅಂಟೂದಲ್ಲ. ಎರಡು ಕೂಸು ಇದೇ ಕೈಲೆ ಉಣಸಿ ದೊಡ್ಡು ಮಾಡೇನಿ, ನೋಡ್ರಿ, ಒಬ್ಬಾಕಿ ಇಲ್ಲೇ ನಿಂತಾಳ" ಎಂದಳು. ಎಲ್ಲರೂ ನನ್ನ ಕೈಗಳನ್ನೇ ನೋಡಿದರು. ರುಮಾಲು ಸುತ್ತಿದ ಹಿರಿಯರೊಬ್ಬರು ಕೆಮ್ಮಿ, ತಾಟು ಎತ್ತಿಕೊಂಡು ಬಂದು ವೃದ್ಧರ ಪಕ್ಕದಲ್ಲಿ ಕೂತರು. "ನನಗೂ ಒಂದು ಸೌಟು ಹಾಕವ್ವ" ಎಂದರು. ಅವಳು ಆ ಸಾಲು ಪೂರ್ತಿ ನೀಡಿದಳು. ಒಬ್ಬಿಬ್ಬರು ಬೇಡವೆಂದರು. ಅವರನ್ನು ಒತ್ತಾಯಿಸಲಿಲ್ಲ.

ಇದರ ಒಂದು ಫೋಟೋವೂ ನನ್ನಲ್ಲಿಲ್ಲ. ಕ್ಯಾಮೆರಾ ಕೊರಳಲ್ಲಿ ನೇತಾಡುತ್ತಿತ್ತು. ಅದನ್ನು ಎತ್ತಬೇಕೆಂಬುದೇ ನನಗೆ ನೆನಪಾಗಲಿಲ್ಲ.

ಅಡುಗೆ ಕೋಣೆಗೆ ವಾಪಸು ಬಂದವಳು ಅಕ್ಕಿ ಚೀಲದ ಮೇಲೆ ಕುಸಿದಳು. ನೀರು ಕೊಟ್ಟೆ. ಲೋಟ ಹಿಡಿಯಲು ಅವಳಿಂದಾಗಲಿಲ್ಲ, ನಾನೇ ಕುಡಿಸಿದೆ. ಎದೆ ಜೋರಾಗಿ ಹೊಡೆದುಕೊಳ್ಳುತ್ತಿದ್ದದ್ದು ಸೀರೆಯ ಮೇಲಿಂದಲೇ ಕಾಣುತ್ತಿತ್ತು.

"ಸಿಟ್ಟ ಬರ್ಲಿಲ್ಲೇನ ಅತ್ತಿ?" ಎಂದೆ.

"ಯಾಕ ಬರಂಗಿಲ್ಲ? ಬಕೀಟು ಪೂರಾ ತಲಿ ಮ್ಯಾಲ ಸುರವಬೇಕನಿಸ್ತು" ಎಂದಳು. ಸ್ವಲ್ಪ ಹೊತ್ತು ಉಸಿರು ತಿರುಗಿಸಿಕೊಂಡು, "ಹುಗ್ಗಿ ಹಾಳಾಗತದಂತ ಬಿಟ್ಟೆ" ಎಂದಳು.

ನನಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. ಅವಳೂ ನಕ್ಕಳು. ನಗುತ್ತಲೇ ನನ್ನ ಕೊರಳಿನ ಕಡೆ ಕೈ ತೋರಿಸಿದಳು. "ಅದನ್ನ ಯಾಕ ಹೊತ್ಕೊಂಡು ತಿರಗಾಕತ್ತಿ? ಈಗ ತೆಗಿ ನನ್ನ ಫೋಟೋ."

ನಾನು ಕ್ಯಾಮೆರಾ ಎತ್ತಿದೆ. ತೀರ ಹತ್ತಿರವಿದ್ದೆ; ಆ ಲೆನ್ಸಿಗೆ ಮುಖ ಸ್ಪಷ್ಟವಾಗಲೇ ಇಲ್ಲ. "ತಡಿ ಅತ್ತಿ, ಹಿಂದ ಸರೀತೇನಿ" ಎಂದೆ.

"ಎಷ್ಟರ ಸರಿ. ನಾ ಎಲ್ಲೀಗೂ ಹೋಗಂಗಿಲ್ಲ" ಎಂದಳು.

ಪಾತ್ರೆಗಳ ರಾಶಿಗೆ ಬೆನ್ನು ತಾಗುವವರೆಗೆ ಹಿಂದೆ ಸರಿದೆ. ಕಿಟಕಿಯ ಬೆಳಕು ಅವಳ ಎಡಗೆನ್ನೆಯ ಮೇಲಿತ್ತು. ಅವಳು ಸೆರಗನ್ನು ಮುಟ್ಟಲಿಲ್ಲ. ನೇರ ನನ್ನನ್ನು ನೋಡಿದಳು. ತೆಗೆದೆ.

ಆ ಸಂಜೆ ಇನ್ನೊಂದು ಅಚ್ಚರಿ ಕಾದಿತ್ತು. ಬೀಗರು ಏನೆನ್ನುವರೋ ಎಂದು ಅಪ್ಪ ಕೈ ಹೊಸೆಯುತ್ತ ನಿಂತಿದ್ದಾಗ ತಂಗಿ ತಣ್ಣಗೆ ಹೇಳಿದಳು: "ದೊಡ್ಡತ್ತಿ ವಿಷಯ ಅವರಿಗೆಲ್ಲಾ ಮೊದಲೇ ಗೊತ್ತದ ಅಪ್ಪ. ನಾ ಫೋನಿನ್ಯಾಗ ಮೊದಲ ದಿನಾನೇ ಹೇಳೇನಿ." ಅಪ್ಪ ಬಾಯಿ ತೆರೆದವನು ಮುಚ್ಚಲು ಮರೆತ. ಆ ವೃದ್ಧರು ತಾಟಿನಲ್ಲಿ ಅಗುಳು ಉಳಿಸದೆ ಉಂಡು, ಯಾರಿಗೂ ಹೇಳದೆ ಹೋಗಿದ್ದರು. ದೊಡ್ಡತ್ತಿ ಅವರ ಮಾತು ಮತ್ತೆ ಎತ್ತಲಿಲ್ಲ. ಆದರೆ ಆಮೇಲೆ ನಮ್ಮ ಮನೆಗೆ ಯಾರೇ ಬಂದರೂ ಚಹಾ ತಂದುಕೊಟ್ಟವಳು ಅವಳೇ.

ಅದೂ ಹೆಚ್ಚು ಕಾಲ ನಡೆಯಲಿಲ್ಲ. ತೊಗರಿ ರಾಶಿಯ ದಿನಗಳಲ್ಲಿ ಒಂದು ಬೆಳಿಗ್ಗೆ ನಾನು ತರಗತಿಯಲ್ಲಿದ್ದಾಗ ಅಪ್ಪನ ಫೋನು ಬಂತು. ರೊಟ್ಟಿ ಬಡಿದು, ಕೈ ತೊಳೆದು, ಗೋಡೆಗೆ ಆನಿಕೊಂಡು ಕೂತಳಂತೆ. ಅಪ್ಪ ಉಣ್ಣಲು ಬಂದು ಕರೆದಾಗ ಏಳಲಿಲ್ಲ. ಅವಳಿಗೆ ಒಂದು ದಿನ ಜ್ವರ ಬಂದದ್ದೂ ನನಗೆ ನೆನಪಿಲ್ಲ. ಜೇವರ್ಗಿಯಿಂದ ಕರಜಗಿಯವರೆಗೆ ಬಸ್ಸಿನಲ್ಲಿ ನನಗೆ ಅಳುವೂ ಬರಲಿಲ್ಲ. ಅಪ್ಪ ಹೇಳಿದ್ದು ಯಾರೋ ಬೇರೆಯವರ ವಿಷಯ ಎಂದೇ ಅನ್ನಿಸುತ್ತಿತ್ತು. ಮನೆ ಮುಟ್ಟಿದಾಗ ಅವಳನ್ನು ಗೋಡೆಗೆ ಆನಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿದ್ದರು. ಬುಟ್ಟಿಯಲ್ಲಿ ರೊಟ್ಟಿ ಇನ್ನೂ ಮೆತ್ತಗಿತ್ತು.

ಮನೆಯಲ್ಲಿ ಹಾಕಲು ಅವಳದಿದ್ದದ್ದು ಒಂದೇ ಫೋಟೋ. ದೊಡ್ಡದು ಮಾಡಿ ಕಟ್ಟು ಹಾಕಿಸಲು ಅಫಜಲಪುರದ ಒಂದು ಅಂಗಡಿಗೆ ಕೊಟ್ಟೆ. ತರಲು ಹೋದ ದಿನ ಅಪ್ಪನೂ ಜೊತೆಗೆ ಬಂದ. ಅಂಗಡಿಯವರು ಕಾಗದ ಬಿಚ್ಚಿ, ಗಾಜನ್ನು ಬಟ್ಟೆಯಿಂದ ಒರೆಸಿ, ನಮ್ಮ ಎದುರಿಗೆ ನಿಲ್ಲಿಸಿದರು.

ಅದೇ ಇಳಕಲ್ಲ ಸೀರೆ, ಅದೇ ಕಿಟಕಿಯ ಬೆಳಕು. ಆದರೆ ಮುಖವಿಡೀ ಒಂದೇ ಬಣ್ಣ. ತುಟಿ ತಿಳಿಗೆಂಪು, ರೆಪ್ಪೆಗೂದಲು ಕಪ್ಪು, ಬೆರಳುಗಳು ಕಂದು.

ಅಪ್ಪ ಕನ್ನಡಕ ಏರಿಸಿ ನೋಡಿದ. ಬಾಗಿ ನೋಡಿದ. "ಇಕಿ ಯಾರ್ರಿ?" ಎಂದು ಅಂಗಡಿಯವರನ್ನು ಕೇಳಿದ.

"ನಿಮ್ಮವರೇ ಅಲ್ಲೇನ್ರಿ? ಮಾರಿ ಮ್ಯಾಲ, ಕೈ ಮ್ಯಾಲ ಕಲಿ ಇದ್ವಲ್ರಿ. ಹಿರೇರ ಫೋಟೋ, ಛಂದ ಕಾಣಲಂತ ಕಂಪ್ಯೂಟರನ್ಯಾಗ ಎಲ್ಲಾ ತಗದೇನ್ರಿ" ಎಂದರು ಅವರು ಸಂತೋಷದಿಂದ.

ನಾನು ಏನೋ ಹೇಳಲು ಹೋದೆ. ಅಪ್ಪ ಕೈಯೆತ್ತಿ ತಡೆದ. ಎರಡೂ ಕೈಯಿಂದ ಆ ಕಟ್ಟನ್ನು ಹಿಡಿದು ಮೆಲ್ಲಗೆ ಅಂಗಡಿಯವರ ಕಡೆಗೆ ಸರಿಸಿದ.

"ಇದು ಬ್ಯಾಡ್ರಿ, ಮತ್ತ ಮಾಡ್ರಿ" ಎಂದ. ಅಂಗಡಿಯಲ್ಲಿ ಇನ್ನೂ ಜನರಿದ್ದರು, ತಿರುಗಿ ನೋಡಿದರು. "ನಮ್ಮ ಅಕ್ಕಗ ಬಿಳಿ ಮಚ್ಚಿ ಇದ್ವು. ತುಟಿಗಿ, ಕಣ್ಣಿಗಿ, ಕೈಗಿ. ಒಂದೂ ಬಿಡದಂಗ ಎಲ್ಲಾ ಇರಬೇಕು."

ಹೊರಗಿನವರ ಎದುರಿಗೆ ಅಪ್ಪನ ಬಾಯಲ್ಲಿ ಆ ಮಾತು ಬಂದದ್ದು ಅದೇ ಮೊದಲು. ಹೇಳಿ ಮುಗಿಸಿ, ಅಲ್ಲಿದ್ದ ಸ್ಟೂಲಿನ ಮೇಲೆ ಕೂತು, ಅವನು ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತ.